ಗಡಿಯ ಈಚೆಗೆ 371ಜೆ, ಆಚೆಗೆ ಇಲ್ಲ

ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯಲ್ಲಿ ನಿಂತು ಚಿತ್ರದುರ್ಗದ ಕಡೆ ಮುಖ ಮಾಡಿ. ಹೆದ್ದಾರಿಯಲ್ಲಿ ಸ್ವಲ್ಪ ದೂರ ಹೋದರೆ ಸಾಕು, ವಿಜಯನಗರ ಜಿಲ್ಲೆ ಮುಗಿಯುತ್ತೆ. ಆಚೆ ಜಗಳೂರು, ಇನ್ನೊಂದು ಮಗ್ಗುಲಿಗೆ ಮೊಳಕಾಲ್ಮೂರು. ಮಣ್ಣು ಅದೇ, ಶೇಂಗಾ ಅದೇ, ಕೈಕೊಡುವ ಮಳೆಯೂ ಅದೇ. ಕೊಟ್ಟು ತರುವ ಸಂಬಂಧಗಳೂ ಗಡಿಯ ಎರಡೂ ಕಡೆ ಇವೆ. ಆದರೆ ಈಚೆ ಹುಟ್ಟಿದ ಹುಡುಗಿ ಎಫ್‌ಡಿಎ ಪರೀಕ್ಷೆಗೆ ಅರ್ಜಿ ಹಾಕುವಾಗ ಒಂದು ಕಾಲಂ ಹೆಚ್ಚಿಗೆ ತುಂಬ್ತಾಳೆ. ಆಚೆ ಹುಟ್ಟಿದ ಅವಳ ಸೋದರಮಾವನ ಮಗಳಿಗೆ ಆ ಕಾಲಂ ಅನ್ವಯಿಸೋದಿಲ್ಲ. ಅದೇ 371ಜೆ.

ಕೆಎಎಸ್, ಐಎಎಸ್ ಅಂತ ಓದ್ತಿರೋ ಹುಡುಗರನ್ನು ಕೇಳಿ ನೋಡಿ. '98ನೇ ತಿದ್ದುಪಡಿ, ಹೈದರಾಬಾದ್ ಕರ್ನಾಟಕ' ಅಂತ ಥಟ್ ಅಂತ ಹೇಳ್ತಾರೆ. ಗೈಡಿನಲ್ಲಿ ಅಷ್ಟೇ ಇರೋದು. ಅದು ಯಾಕೆ ಬೇಕಾಯ್ತು, ರಾಜ್ಯ ಸರ್ಕಾರವೇ ಒಂದು ಆದೇಶ ಹೊರಡಿಸಿ ಮುಗಿಸಬಹುದಿತ್ತಲ್ಲ ಅಂತ ಕೇಳಿದರೆ ಮಾತು ನಿಲ್ಲುತ್ತೆ. ಇವತ್ತು ಅಲ್ಲಿಂದಲೇ ಶುರು ಮಾಡೋಣ.

ಸಂವಿಧಾನದ 16ನೇ ವಿಧಿ ಸರ್ಕಾರಿ ಉದ್ಯೋಗದಲ್ಲಿ ಸಮಾನ ಅವಕಾಶ ಕೊಡುತ್ತೆ. ಅದರ ಎರಡನೇ ಉಪವಿಧಿ ಇನ್ನೂ ಬಿಗಿ. ಹುಟ್ಟಿದ ಸ್ಥಳ ಅಥವಾ ವಾಸಸ್ಥಳದ ಕಾರಣಕ್ಕೆ ಯಾರನ್ನೂ ಅನರ್ಹ ಮಾಡುವಂತಿಲ್ಲ ಅನ್ನುತ್ತೆ. ಮೂರನೇ ಉಪವಿಧಿಯಲ್ಲಿ ಒಂದು ಕಿಂಡಿ ಇದೆ. ವಾಸದ ಷರತ್ತು ಹಾಕಬಹುದು, ಆದರೆ ಆ ಕಾನೂನು ಮಾಡೋ ಅಧಿಕಾರ ಸಂಸತ್ತಿಗೆ ಮಾತ್ರ. ಅದರಲ್ಲೂ ಇಡೀ ರಾಜ್ಯಕ್ಕೆ ಒಂದೇ ಷರತ್ತು. ರಾಜ್ಯದ ಒಂದು ಭಾಗಕ್ಕೆ ಮಾತ್ರ ಹಾಕೋಕೆ ಬರೋದಿಲ್ಲ ಅಂತ 1969ರಲ್ಲಿ ಸುಪ್ರೀಂ ಕೋರ್ಟ್ ತೆಲಂಗಾಣದ ವಿಷಯದಲ್ಲೇ ಹೇಳಿತು. ಎ.ವಿ.ಎಸ್. ನರಸಿಂಹ ರಾವ್ ಪ್ರಕರಣ ಅದು. ಅಂದ್ರೆ ಬೆಂಗಳೂರಿನಲ್ಲಿ ಯಾವ ಪಕ್ಷದ ಸರ್ಕಾರ ಇದ್ದರೂ, ಎಷ್ಟೇ ಮನಸ್ಸಿದ್ದರೂ, 'ಈ ಹುದ್ದೆ ಕಲಬುರಗಿಯವರಿಗೇ' ಅಂತ ಬರೆದರೆ ಕೋರ್ಟಿನಲ್ಲಿ ನಿಲ್ಲುತ್ತಿರಲಿಲ್ಲ. ಸಂವಿಧಾನವನ್ನೇ ಮುಟ್ಟಬೇಕಿತ್ತು.

ತೆಲಂಗಾಣಕ್ಕೆ ಹಾಗೆ ಮುಟ್ಟಿದ್ದೂ ಆಯ್ತು. ನಿಜಾಮನ ಕಾಲದಿಂದ ಅಲ್ಲಿ ಮುಲ್ಕಿ ನಿಯಮ ಅಂತ ಇತ್ತು. ನೌಕರಿ ಸ್ಥಳೀಯರಿಗೆ ಅನ್ನೋ ನಿಯಮ. ಅದರ ಸುತ್ತ ಚಳವಳಿ, ಪ್ರತಿಚಳವಳಿ ಎಲ್ಲ ನಡೆದು, 1973ರ ಆರು ಅಂಶಗಳ ಸೂತ್ರ ಬಂದು, 32ನೇ ತಿದ್ದುಪಡಿಯಲ್ಲಿ 371ಡಿ ಸೇರಿತು. ಈಗ ನಮ್ಮ ಕಡೆ ನೋಡಿ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಇದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಒಂದೇ ಮನೆಯಿಂದ ಬೇರೆಯಾದ ಅಣ್ಣ ತಮ್ಮ. ಅಣ್ಣನಿಗೆ ರಕ್ಷಣೆ ಸಿಕ್ಕಿತು, ತಮ್ಮನಿಗೆ ಸಿಗಲಿಲ್ಲ. ಈ ಭಾಗದ ಬೇಡಿಕೆಯ ಬುಡ ಇದೇ. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಬೀದಿಯಲ್ಲಿ ಹೋರಾಡಿದರು. ವಾಜಪೇಯಿ ಸರ್ಕಾರದಲ್ಲಿ ಗೃಹ ಮಂತ್ರಿಯಾಗಿದ್ದ ಅಡ್ವಾಣಿ ಒಪ್ಪಲಿಲ್ಲ. ಕೊನೆಗೆ 2012ರ ಡಿಸೆಂಬರ್‌ನಲ್ಲಿ ಎರಡೂ ಸದನಗಳಲ್ಲಿ ಪಾಸಾಯ್ತು. ಮಲ್ಲಿಕಾರ್ಜುನ ಖರ್ಗೆ ಆಗ ಕೇಂದ್ರ ಮಂತ್ರಿ.

ಇಲ್ಲಿ ಪರೀಕ್ಷೆಯವರಿಗೆ ಎರಡು ಬಲೆಗಳಿವೆ. ಸಂಸತ್ತಿನಲ್ಲಿ ಮಂಡನೆಯಾದದ್ದು 118ನೇ ತಿದ್ದುಪಡಿ ಮಸೂದೆ, ಕಾಯ್ದೆಯಾದಾಗ ಅದು 98ನೇ ತಿದ್ದುಪಡಿ. ಮಸೂದೆಗೊಂದು ಲೆಕ್ಕ, ಕಾಯ್ದೆಗೊಂದು ಲೆಕ್ಕ, ಗಾಬರಿಯಾಗಬೇಡಿ. ಎರಡನೇದು, ಇದಕ್ಕೆ ಅರ್ಧದಷ್ಟು ರಾಜ್ಯಗಳ ಅನುಮೋದನೆ ಬೇಕಾಗಲಿಲ್ಲ. 368ನೇ ವಿಧಿಯಲ್ಲಿ ಯಾವ್ಯಾವ ವಿಷಯಕ್ಕೆ ರಾಜ್ಯಗಳನ್ನು ಕೇಳಬೇಕು ಅಂತ ಪಟ್ಟಿ ಇದೆಯಲ್ಲ, ಇದು ಅದರಲ್ಲಿ ಬರೋದಿಲ್ಲ. ಹಾಗಾಗಿಯೇ 2013ರ ಜನವರಿ 1ಕ್ಕೆ ರಾಷ್ಟ್ರಪತಿ ಅಂಕಿತ ಬಿತ್ತು. ಜಾರಿಗೆ ಬಂದದ್ದು ಅದೇ ವರ್ಷದ ಅಕ್ಟೋಬರ್ 1ಕ್ಕೆ.

ವಿಧಿಯೊಳಗೆ ಏನಿದೆ? ರಾಜ್ಯಪಾಲರಿಗೆ ವಿಶೇಷ ಹೊಣೆ ಕೊಡೋ ಆದೇಶವನ್ನು ರಾಷ್ಟ್ರಪತಿ ಮಾಡಬಹುದು. ಆ ಹೊಣೆ ಮೂರು ವಿಷಯಕ್ಕೆ: ಈ ಭಾಗಕ್ಕೇ ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಅಭಿವೃದ್ಧಿ ಹಣದಲ್ಲಿ ನ್ಯಾಯವಾದ ಪಾಲು, ಉದ್ಯೋಗ ಮತ್ತು ಶಿಕ್ಷಣದಲ್ಲಿ ನ್ಯಾಯವಾದ ಅವಕಾಶ. ಮಹಾರಾಷ್ಟ್ರದ ವಿದರ್ಭ, ಮರಾಠವಾಡಕ್ಕೆ ಮಂಡಳಿಯ ಅವಕಾಶ 371ನೇ ವಿಧಿಯಲ್ಲೇ ಇತ್ತು, ಆದರೆ ನೌಕರಿಯಲ್ಲಿ ಪಾಲು ಇರಲಿಲ್ಲ. ಆಂಧ್ರದ 371ಡಿಯಲ್ಲಿ ನೌಕರಿ, ಶಿಕ್ಷಣ ಇತ್ತು, ಮಂಡಳಿ ಇರಲಿಲ್ಲ. ನಮ್ಮದರಲ್ಲಿ ಎರಡೂ ಸೇರಿವೆ. ಮುಖ್ಯ ಪರೀಕ್ಷೆಯಲ್ಲಿ ಹೋಲಿಸಿ ಬರೆಯಿರಿ ಅಂದರೆ ಈ ಎಳೆ ಹಿಡಿದು ಬರೆಯಿರಿ.

ಶೇಕಡಾವಾರು ಲೆಕ್ಕ ಸಂವಿಧಾನದಲ್ಲಿ ಇಲ್ಲ, ಬಹಳ ಜನ ಇದೆ ಅಂದ್ಕೊಂಡಿದ್ದಾರೆ. ಅದು ಇರೋದು 2013ರ ಆದೇಶಗಳಲ್ಲಿ. ಈ ಭಾಗದ ಸ್ಥಳೀಯ ವೃಂದದಲ್ಲಿ ಗ್ರೂಪ್ ಎ ಕಿರಿಯ ಶ್ರೇಣಿ ಮತ್ತು ಬಿ ಹುದ್ದೆಗಳಲ್ಲಿ 75, ಗ್ರೂಪ್ ಸಿಯಲ್ಲಿ 80, ಡಿಯಲ್ಲಿ 85. ರಾಜ್ಯಮಟ್ಟದ ಕಚೇರಿಗಳಲ್ಲಿ 8. ಶಿಕ್ಷಣದಲ್ಲಿ, ಈ ಭಾಗದ ಕಾಲೇಜುಗಳಲ್ಲಿ 70, ರಾಜ್ಯದ ಉಳಿದ ಕಡೆ 8. ಇಂಜಿನಿಯರಿಂಗ್ ಸೀಟಿಗೂ ಇದು ಅನ್ವಯ. ನಾನು ಸಿಇಟಿ ಬರೆದ ಕಾಲಕ್ಕೆ ಇದ್ಯಾವುದೂ ಇರಲಿಲ್ಲ ಬಿಡಿ. ಜಾತಿವಾರು ಮೀಸಲಾತಿ ಈ ಸ್ಥಳೀಯ ವೃಂದದ ಒಳಗೂ ನಡೆಯುತ್ತೆ. ಒಂದನ್ನು ತೆಗೆದು ಇನ್ನೊಂದನ್ನು ಕೂರಿಸಿದ್ದಲ್ಲ ಇದು.

ಇನ್ನೊಂದು ಮಾತು, ತುಂಬ ಮುಖ್ಯ. ವಿಧಿಯಲ್ಲಿ ಇರೋದು ರಾಜ್ಯ ಸರ್ಕಾರದ ಹುದ್ದೆ ಮತ್ತು ರಾಜ್ಯದ ಹಿಡಿತದಲ್ಲಿರುವ ಸಂಸ್ಥೆಗಳ ಹುದ್ದೆ. ಯುಪಿಎಸ್‌ಸಿಗೆ, ರೈಲ್ವೆಗೆ, ಬ್ಯಾಂಕಿಗೆ ಇದರ ಸಂಬಂಧವೇ ಇಲ್ಲ. ಕಲಬುರಗಿಯಲ್ಲೇ ಕುಳಿತ ಕೇಂದ್ರ ಸರ್ಕಾರಿ ಕಚೇರಿಯ ಗುಮಾಸ್ತನ ಹುದ್ದೆಗೂ ಇಲ್ಲ. ಕೆಪಿಎಸ್‌ಸಿ ಅಧಿಸೂಚನೆಯಲ್ಲಿ ಮಾತ್ರ ನೀವು ಎರಡು ಹೆಸರು ನೋಡ್ತೀರಿ: ಕಲ್ಯಾಣ ಕರ್ನಾಟಕ ವೃಂದ, ಉಳಿಕೆ ಮೂಲ ವೃಂದ. ಈ ಭಾಗದ ಅಭ್ಯರ್ಥಿ ಒಳ್ಳೆ ಅಂಕ ತೆಗೆದರೆ ಎರಡನೇ ಪಟ್ಟಿಗೂ ಬರಬಹುದಾ ಅನ್ನೋ ಪ್ರಶ್ನೆಯ ಮೇಲೆ ಸುತ್ತೋಲೆ, ಮತ್ತೊಂದು ಸುತ್ತೋಲೆ, ಕೋರ್ಟು ಅಂತ ವರ್ಷಗಳೇ ಹೋಗಿವೆ. ಆದ್ದರಿಂದ ಅರ್ಜಿ ಹಾಕುವಾಗ ಹಳೇ ಗೈಡ್ ನಂಬಬೇಡಿ, ಆಯಾ ಅಧಿಸೂಚನೆಯನ್ನೇ ಓದಿ.

ಈಗ ನಮ್ಮ ಐದು ತಾಲ್ಲೂಕಿಗೆ ಬರೋಣ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಇವು ಯಾವುವೂ ಸ್ವಾತಂತ್ರ್ಯ ಬಂದಾಗ ಹೈದರಾಬಾದ್ ರಾಜ್ಯದಲ್ಲಿ ಇರಲೇ ಇಲ್ಲ! ನಿಜಾಮ 1800ರಲ್ಲೇ ಬಳ್ಳಾರಿ ಸೀಮೆಯನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದ. ಆಮೇಲೆ ನಾವು ಮದ್ರಾಸಿನವರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಉಳಿದ ಬಳ್ಳಾರಿ ಮೈಸೂರಿಗೆ ಬಂತು. ಹೈದರಾಬಾದ್ ಕರ್ನಾಟಕ ಅನ್ನೋ ಹೆಸರಿನೊಳಗೆ ನಾವು ಸೇರಿದ್ದು ಕಲಬುರಗಿ ಕಂದಾಯ ವಿಭಾಗದ ಲೆಕ್ಕದಲ್ಲಿ, ಮತ್ತು ಹಿಂದುಳಿದಿರುವಿಕೆಯ ಲೆಕ್ಕದಲ್ಲಿ.

ಆ ಎರಡನೇ ಲೆಕ್ಕ ಬರೆದಿಟ್ಟವರು ಡಾ. ಡಿ.ಎಂ. ನಂಜುಂಡಪ್ಪ. 2002ರ ಅವರ ವರದಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಕಲಬುರಗಿ ವಿಭಾಗದವು, ಅದರಲ್ಲಿ ಕೂಡ್ಲಿಗಿಯೂ ಒಂದು. ಹರಪನಹಳ್ಳಿಯೂ ಅತ್ಯಂತ ಹಿಂದುಳಿದ ಪಟ್ಟಿಯಲ್ಲೇ ಇತ್ತು, ಆದರೆ ಬೆಂಗಳೂರು ವಿಭಾಗದ ಖಾತೆಯಲ್ಲಿ. ಯಾಕೆ ಗೊತ್ತಾ? 1997ರ ಆಗಸ್ಟ್ 15ರಂದು ಜೆ.ಎಚ್. ಪಟೇಲರ ಸರ್ಕಾರ ದಾವಣಗೆರೆ ಜಿಲ್ಲೆ ಮಾಡಿದಾಗ ಹರಪನಹಳ್ಳಿಯನ್ನು ಬಳ್ಳಾರಿಯಿಂದ ತೆಗೆದು ಅಲ್ಲಿಗೆ ಸೇರಿಸಿತ್ತು. ಡಿಸಿ ಆಫೀಸಿಗೆ ಹೋಗಿಬರೋ ಜನಕ್ಕೆ ಅದರಿಂದ ಅನುಕೂಲವೇ ಆಗಿತ್ತು, ಬಳ್ಳಾರಿಗಿಂತ ದಾವಣಗೆರೆ ತೀರಾ ಹತ್ತಿರ. ಹದಿನಾರು ವರ್ಷ ಬಿಟ್ಟು 371ಜೆ ಬಂದಾಗ ಆ ಅನುಕೂಲಕ್ಕೆ ಬೆಲೆ ತೆರಬೇಕಾಯ್ತು. ಆದೇಶದಲ್ಲಿ ಇದ್ದದ್ದು ಜಿಲ್ಲೆಗಳ ಹೆಸರು. ದಾವಣಗೆರೆ ಅದರಲ್ಲಿ ಇರಲಿಲ್ಲ. ಪಕ್ಕದ ಹಡಗಲಿಯ ಹುಡುಗನಿಗೆ ಸಿಕ್ಕಿದ್ದು ಹರಪನಹಳ್ಳಿಯವನಿಗೆ ಸಿಗಲಿಲ್ಲ. ಬಂದ್ ಆಯ್ತು, ಪಾದಯಾತ್ರೆ ಆಯ್ತು, ಆಗಿನ ಶಾಸಕ ಎಂ.ಪಿ. ರವೀಂದ್ರ ಹಿಂದೆ ಬಿದ್ದರು, 2018ರಲ್ಲಿ ತಾಲ್ಲೂಕು ಬಳ್ಳಾರಿಗೆ ವಾಪಸ್ ಬಂತು, 371ಜೆ ಸೌಲಭ್ಯವೂ ಬಂತು. ನಡುವಿನ ಐದು ವರ್ಷದಲ್ಲಿ ವಯಸ್ಸಿನ ಮಿತಿ ದಾಟಿದವರಿಗೆ ಏನೂ ಬರಲಿಲ್ಲ. ಜಿಲ್ಲೆಯ ಗೆರೆ ಎಳೆಯೋದು ಅಂದ್ರೆ ಬರೀ ಭೂಪಟದ ಕೆಲಸ ಅನ್ನೋರು ಇದನ್ನು ನೋಡಬೇಕು.

2021ರಲ್ಲಿ ಬಳ್ಳಾರಿ ಮತ್ತೆ ಒಡೆದು ಅಕ್ಟೋಬರ್ 2ಕ್ಕೆ ವಿಜಯನಗರ ಜಿಲ್ಲೆ ಉದ್ಘಾಟನೆಯಾಯ್ತು, ರಾಜ್ಯದ 31ನೇ ಜಿಲ್ಲೆ. ಹರಪನಹಳ್ಳಿಯ ಪಾಠ ಗೊತ್ತಿದ್ದ ಜನ ಕೇಳಿದ ಮೊದಲ ಪ್ರಶ್ನೆಯೇ 371ಜೆ ಉಳಿಯುತ್ತಾ ಅಂತ. ಉಳಿಯಿತು. ಆರು ಜಿಲ್ಲೆ ಇದ್ದದ್ದು ಏಳಾಯ್ತು. 2019ರಲ್ಲಿ ರಾಜ್ಯ ಸರ್ಕಾರ ಕಲ್ಯಾಣ ಕರ್ನಾಟಕ ಅಂತ ಹೆಸರು ಬದಲಿಸಿದ್ದೂ ನಿಮಗೆ ಗೊತ್ತು. ಆದರೆ ಸಂವಿಧಾನದ ಪುಟದಲ್ಲಿ ಇವತ್ತಿಗೂ ಹೈದರಾಬಾದ್-ಕರ್ನಾಟಕ ಅಂತಲೇ ಇದೆ. ಅದನ್ನು ತಿದ್ದೋಕೆ ಮತ್ತೆ ಸಂಸತ್ತೇ ಬೇಕು.

ಹಾಗಾದರೆ ಜಗಳೂರಿನ ಆ ಸೋದರಮಾವನ ಮಗಳು? ಅವಳ ವಾದಕ್ಕೆ ನನ್ನ ಹತ್ತಿರ ಸಮಾಧಾನದ ಉತ್ತರ ಇಲ್ಲ. ಬರ ತಾಲ್ಲೂಕು ನೋಡಿ ಕೊಡೋದಾದರೆ ಅವಳಿಗೂ ಕೊಡಬೇಕು. ಇತಿಹಾಸ ನೋಡಿ ಕೊಡೋದಾದರೆ ಮದ್ರಾಸಿನಿಂದ ಬಂದ ನಾವೂ ಹೊರಗೇ. ಎರಡನ್ನೂ ಬೆರೆಸಿ, ಜಿಲ್ಲೆಯ ಗೆರೆಯನ್ನೇ ಅಳತೆ ಮಾಡಿಕೊಂಡಿದ್ದೇವೆ. ಹಾಗಂತ ಇದನ್ನು ತೆಗೆಯಿರಿ ಅನ್ನೋ ವಾದ ನನಗೆ ಒಪ್ಪಿಗೆ ಇಲ್ಲ. ದೇವದುರ್ಗ, ಯಾದಗಿರಿಯ ಶಾಲೆಗಳನ್ನು ಒಮ್ಮೆ ನೋಡಿ ಬಂದವರು ಆ ಮಾತು ಆಡೋದಿಲ್ಲ. ನನ್ನ ತಕರಾರು ಬೇರೆ. ಹುದ್ದೆ ಮೀಸಲಿಟ್ಟು ನೇಮಕಾತಿಯನ್ನೇ ಮಾಡದಿದ್ದರೆ 80 ಪರ್ಸೆಂಟ್ ಅನ್ನೋದು ಯಾವುದರ 80? ಇತ್ತೀಚಿನ ಬಜೆಟ್‌ಗಳಲ್ಲಿ ಮಂಡಳಿಗೆ 5,000 ಕೋಟಿ ಅಂತ ಘೋಷಣೆ ಆಗಿದೆ. ಮಂಡಳಿಯ ಕೆಲಸದ ವರದಿ ಪ್ರತಿವರ್ಷ ವಿಧಾನಸಭೆಯ ಮುಂದೆ ಬರಬೇಕು ಅಂತ 371ಜೆ ವಿಧಿಯೇ ಹೇಳುತ್ತೆ. ಅದರ ಮೇಲೆ ನಿಮ್ಮ ಶಾಸಕರು ಎಷ್ಟು ಹೊತ್ತು ಮಾತಾಡಿದರು ಅಂತ ಮುಂದಿನ ಸಲ ಊರಿಗೆ ಬಂದಾಗ ಕೇಳಿ.

ಅಷ್ಟರಲ್ಲಿ ಹೊಸಹಳ್ಳಿಯ ಹುಡುಗಿ ಮಾಡಬೇಕಾದ ಕೆಲಸ ಒಂದಿದೆ. ಇಲ್ಲಿ ಹುಟ್ಟಿದರೆ ಸಾಲದು, ಸ್ಥಳೀಯ ವ್ಯಕ್ತಿ ಅನ್ನೋ ಅರ್ಹತಾ ಪ್ರಮಾಣಪತ್ರ ಬೇಕು. ಅದನ್ನು ಕೊಡೋದು ಸಹಾಯಕ ಆಯುಕ್ತರು, ಅಂದ್ರೆ ಎಸಿ. ಶಾಲಾ ದಾಖಲೆಯಲ್ಲಿ ಒಂದು ಊರು, ಜನನ ಪತ್ರದಲ್ಲಿ ಇನ್ನೊಂದು ಊರು ಇದ್ದರೆ ಓಡಾಟ ಶುರು. ಹೆರಿಗೆಗೆ ಅಂತ ತಾಯಿ ಜಗಳೂರಿನ ತವರಿಗೆ ಹೋಗಿದ್ದರೆ ಹುಟ್ಟಿನ ದಾರಿ ಮುಚ್ಚಿತು, ವಾಸದ ದಾಖಲೆ ಹುಡುಕಬೇಕು. ಅಧಿಸೂಚನೆ ಬಂದ ಮೇಲೆ ಅಲ್ಲ, ಈಗಲೇ ಹೋಗಿ ಮಾಡಿಸಿಟ್ಟುಕೊಳ್ಳಿ.