ಗಲ್ಲಾಪೆಟ್ಟಿಗೆಯ ಹಿಂದೊಂದು ಸಂಸಾರ

ಬೆಂಗಳೂರಿನ ಫ್ರೇಜರ್‌ಟೌನಿನ ಮಾಸ್ಕ್ ರಸ್ತೆಯ ಆಲ್ಬರ್ಟ್ ಬೇಕರಿಗೆ ಬೆಳಿಗ್ಗೆ ಹೋದರೆ ಮುಚ್ಚಿದ ಬಾಗಿಲು. ಅಲ್ಲಿ ವ್ಯಾಪಾರ ಶುರುವಾಗುವುದೇ ಮಧ್ಯಾಹ್ನದ ಮೇಲೆ. 1902ರಿಂದ ಒಂದೇ ಮುಸ್ಲಿಂ ಕುಟುಂಬದ ಕೈಯಲ್ಲಿರುವ ಅಂಗಡಿಯಿದು. ದಂಡಿನ ಬಿಳಿಯರು ಬರಲಿ ಎಂದು ಇಂಗ್ಲಿಷ್ ಹೆಸರಿಟ್ಟರಂತೆ. ಬಿಳಿಯರು ಹೋದರು, ಹೆಸರು ಉಳಿಯಿತು. ರಂಜಾನಿಗೆ ಖೋವಾ ನಾನ್, ಗುಡ್ ಫ್ರೈಡೆಗೆ ಶಿಲುಬೆ ಗೆರೆಯ ಬನ್ನು, ಉಳಿದ ದಿನಗಳಲ್ಲಿ ಭೇಜಾ ಪಫ್. ಎರಡು ಧರ್ಮಗಳ ಉಪವಾಸಕ್ಕೆ ಒಂದೇ ಒಲೆ.

ಬ್ರಿಟಿಷರು 1809ರಲ್ಲಿ ಶ್ರೀರಂಗಪಟ್ಟಣದಿಂದ ಸೈನ್ಯವನ್ನು ಬೆಂಗಳೂರಿಗೆ ತಂದಾಗ ಅದರ ಹಿಂದೆಯೇ ಬಂದವರು ತಮಿಳರು, ತೆಲುಗರು, ದಖನಿ ಮಾತಿನ ಮುಸ್ಲಿಮರು. ರೊಟ್ಟಿ, ಮಾಂಸ, ತರಕಾರಿ, ಹೊಲಿಗೆ ಎಲ್ಲವನ್ನೂ ಒದಗಿಸುವ ಕೆಲಸ ಇವರದು. ಶಿವಾಜಿನಗರದ ರಸೆಲ್ ಮಾರುಕಟ್ಟೆ ಆ ದಂಡಿನ ಕಾಲದ ದೊಡ್ಡ ಗುರುತು. 1927ರ ಕಟ್ಟಡ, ಪುರಸಭೆಯ ಕಮಿಷನರ್ ಟಿ.ಬಿ. ರಸೆಲ್ ಹೆಸರು, 1933ರಲ್ಲಿ ಉದ್ಘಾಟಿಸಿದವರು ವ್ಯಾಪಾರಿ ಇಸ್ಮಾಯಿಲ್ ಸೇಠ್. ಹೊರಗಿನಿಂದ ಅರಮನೆಯ ಗತ್ತು. ಒಳಗೆ ಮಲ್ಲಿಗೆ ಕಟ್ಟುವವರು, ಖರ್ಜೂರ ತೂಗುವವರು, ಅಪ್ಪನ ಮಳಿಗೆಯಲ್ಲೇ ಕೂತ ಮಗ. 2012ರಲ್ಲಿ ಬೆಂಕಿ ಬಿದ್ದು ಮಳಿಗೆಗಳು ಸುಟ್ಟವು. ಆಗ ವ್ಯಾಪಾರಿಗಳು ತಮ್ಮ ಕೈಯಿಂದಲೇ ಹಣ ಹಾಕಿ ದುರಸ್ತಿಗಿಳಿದರು. ಪಾರಂಪರಿಕ ಕಟ್ಟಡವೆಂದು ಫೋಟೊ ತೆಗೆದುಕೊಳ್ಳಲು ಬರುವ ನಾವು, ಅದನ್ನು ಉಳಿಸಿದ ಈ ಬಾಡಿಗೆದಾರರ ಮುಖವನ್ನು ಎಷ್ಟು ನೋಡಿದ್ದೇವೋ!

ಚಿಕ್ಕ ವ್ಯಾಪಾರ ಚಿಕ್ಕದಾಗಿಯೇ ಉಳಿಯಬೇಕೆಂದೇನೂ ಇಲ್ಲ. ಹಲಸೂರು ಕೆರೆಯ ಬಳಿಯ ಆರ್‌ಬಿಎಎನ್‌ಎಂ ವಿದ್ಯಾಸಂಸ್ಥೆಗಳ ಮೂಲಪುರುಷ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ ಬದುಕು ಆರಂಭಿಸಿದ್ದು ಉಪ್ಪಿನ ವ್ಯಾಪಾರದಿಂದ. ಇಂದು ಹೈಕೋರ್ಟ್ ಇರುವ ಅಠಾರಾ ಕಚೇರಿಯನ್ನು ಕಟ್ಟುವ ಗುತ್ತಿಗೆ ಹಿಡಿದದ್ದೂ ಅವರೇ. ಶಾಲೆ ತೆರೆದದ್ದು 1873ರಲ್ಲಿ. ಎಲ್ಲರಿಗೂ ಆ ಅದೃಷ್ಟವಿಲ್ಲ. ಇಂದಿರಾನಗರದ ಸಿಎಂಎಚ್ ರಸ್ತೆಯ ಅಂಗಡಿಯವರು ಮೆಟ್ರೊ ಮಾರ್ಗ ಬದಲಿಸಿ ಎಂದು ವರ್ಷಗಟ್ಟಲೆ ಹೋರಾಡಿ ಸೋತರು. 2011ರ ಅಕ್ಟೋಬರಿನಲ್ಲಿ ರೈಲು ಓಡಿತು. ಅಷ್ಟರಲ್ಲಿ ಎಷ್ಟೋ ಅಂಗಡಿಗಳ ಮುಂಭಾಗ ಒಡೆದುಹೋಗಿತ್ತು.

ಕೆ.ಆರ್. ಪುರದ ಕಡೆಗೆ ಹೋದಂತೆ ಕಣ್ಣಿಗೆ ಬೀಳುವುದು ಬೇಕರಿ-ಕಾಂಡಿಮೆಂಟ್ಸ್ ಅಂಗಡಿಗಳು. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಪರಂಪರೆ ಹಾಸನದ ಕಡೆಯಿಂದ ಬಂದದ್ದು. ಇಂದು ಹಾಸನದವರೇ ಆದ ಬೇರೆ ಸಮುದಾಯದವರೂ ಅದೇ ಬೋರ್ಡಿನ ಕೆಳಗೆ ಖಾರಾ ಬನ್, ದಿಲ್‌ಪಸಂದ್ ಮಾರುತ್ತಾರೆ. ಬೆಳಕು ಹರಿಯುವ ಮೊದಲೇ ನಂದಿನಿ ಹಾಲಿನ ಕ್ರೇಟ್ ಇಳಿಯಬೇಕು, ರಾತ್ರಿ ಕೊನೆಯ ಶಿಫ್ಟಿನವನಿಗೆ ಟೀ ಸಿಗಬೇಕು. ಸಂಬಳದ ಆಳುಗಳನ್ನಿಟ್ಟು ಇಷ್ಟು ಹೊತ್ತು ನಡೆಸಿದರೆ ಗಿಟ್ಟುವುದಿಲ್ಲ. ಹಾಗಾಗಿ ಗಂಡ ಊಟಕ್ಕೆದ್ದಾಗ ಹೆಂಡತಿ, ಶಾಲೆ ಬಿಟ್ಟ ಮೇಲೆ ಮಕ್ಕಳು, ಊರಿಂದ ಬಂದ ಬಾವಮೈದ. ಮಾಲೀಕರ ಶ್ರಮವನ್ನು ಹೊಗಳುವಾಗ ನಾವು ಈ ಹೆಣ್ಣುಮಕ್ಕಳ ಹೆಸರನ್ನು ಕೇಳುವುದು ಅಪರೂಪ.

2025ರ ಜುಲೈಯಲ್ಲಿ ಇಂಥ ಅಂಗಡಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದವು. ಯುಪಿಐ ಮೂಲಕ ಬಂದ ಹಣವನ್ನು ಕೂಡಿಸಿ ನೋಡಿದರೆ ವರ್ಷದ ವಹಿವಾಟು ಜಿಎಸ್‌ಟಿ ಮಿತಿಯನ್ನು, ಅಂದರೆ ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿಯನ್ನು, ದಾಟಿದೆ ಎಂಬುದು ಇಲಾಖೆಯ ವಾದ. ಹಾಲು, ತರಕಾರಿಗೆ ತೆರಿಗೆಯೇ ಇಲ್ಲವಲ್ಲ ಎಂಬುದು ಅಂಗಡಿಯವರ ಪ್ರಶ್ನೆ. ನಗರದ ಹಲವೆಡೆ ಕ್ಯೂಆರ್ ಕೋಡ್ ಕಿತ್ತು 'ನಗದು ಮಾತ್ರ' ಎಂಬ ಚೀಟಿ ಅಂಟಿಸಿದರು. ಪ್ರತಿಭಟನೆಯಾಗಿ ಹಾಲಿಲ್ಲದ ಕರಿ ಚಹಾ ಕೊಟ್ಟರು. ನನಗೆ ಎರಡೂ ಕಡೆಯ ಮಾತಿನಲ್ಲಿ ಹುರುಳು ಕಂಡಿತು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದರು. ನೋಂದಣಿ ಎಂದ ಮೇಲೆ ಲೆಕ್ಕ ಬರೆಯಲೊಬ್ಬರು ಬೇಕು. ಅದಕ್ಕೂ ಸಂಬಳ ಕೊಡುವಷ್ಟು ಉಳಿಯದ ಅಂಗಡಿಯಲ್ಲಿ ಆ ಕೆಲಸ ಬಿಕಾಂ ಓದುತ್ತಿರುವ ಮಗಳ ಪಾಲಿಗೆ ಬೀಳುತ್ತದೆ.