ಕಲ್ಲಿಗೊಂದು ಬಣ್ಣ, ನೀರಿಗೊಂದು ಬಣ್ಣ

ದಾವಣಗೆರೆ ಜಿಲ್ಲೆಯ ಸಂತೇಬೆನ್ನೂರಿನ ಪುಷ್ಕರಣಿಯ ನಡುವೆ ಪಾಳೆಯಗಾರರ ಕಾಲದ ವಸಂತಮಂಟಪವಿದೆ. ದಂಡೆಯ ಮೇಲೆ ಬಿಜಾಪುರದ ಆಳ್ವಿಕೆಯಲ್ಲಿ ಎದ್ದ ಮುಸಾಫಿರ್‌ಖಾನೆ ಇದೆ. ಪರಸ್ಪರ ಹೋರಾಡಿದ ಎರಡು ಅಧಿಕಾರಗಳ ಕಟ್ಟಡಗಳಿಗೆ ಇಲ್ಲಿರುವುದು ಒಂದೇ ನೀರು.

ಈ ನೋಟವನ್ನು ತನ್ನದಾಗಿಸಿಕೊಂಡು ಬರೆಯಹೊರಟ ಚಿತ್ರಕಾರನು ಮೊದಲು ಬಣ್ಣದ ಗುಣವನ್ನು ಅರಿಯಬೇಕು. ಜಲವರ್ಣವು ಪಾರದರ್ಶಕವಾದುದು. ಅದರಲ್ಲಿ ಬೆಳಕೆಂದರೆ ಬಳಿದ ಬಣ್ಣವಲ್ಲ, ಬಳಿಯದೆ ಉಳಿಸಿದ ಕಾಗದದ ಬಿಳುಪು. ಒಮ್ಮೆ ಮುಚ್ಚಿಹೋದ ಆ ಬಿಳುಪು ಮೊದಲಿನಂತೆ ಮರಳುವುದು ದುರ್ಲಭ. ಗುವಾಶ್ ಕೂಡ ನೀರಿನಲ್ಲಿ ಕಲಸುವ ಬಣ್ಣವೇ. ಆದರೆ ದಟ್ಟವಾದುದು, ತನ್ನ ಕೆಳಗಿನದನ್ನು ಮರೆಮಾಡುವಂಥದು. ಅದರಿಂದ ಕಪ್ಪಿನ ಮೇಲೂ ಬೆಳಕನ್ನು ಇಡಬಹುದು. ಕೈತಪ್ಪಿದವರಿಗೆ ಇದೊಂದು ಸಮಾಧಾನವೆನ್ನಿ!

ಕಲಾವಿದ ಕೆ. ವೆಂಕಟಪ್ಪನವರು 1926ರ ಸುಮಾರಿನಲ್ಲಿ ಉದಕಮಂಡಲದ ಮೋಡಗಳನ್ನು ಜಲವರ್ಣದಲ್ಲಿ ಹಿಡಿದಿಟ್ಟರು. ಅಂಥ ತೆಳುವಾದ ಲೇಪನವೇ ಪುಷ್ಕರಣಿಯ ನೀರಿಗೂ ಒಪ್ಪುತ್ತದೆ. ಕಟ್ಟಡಗಳಿಗೆ ಗುವಾಶ್ ಸರಿ. ಆಗ ಮೇಲೆ ಗಟ್ಟಿಯಾಗಿ, ಬೇರೆಬೇರೆಯಾಗಿ ನಿಂತ ಮಂಟಪವೂ ಮುಸಾಫಿರ್‌ಖಾನೆಯೂ ಕೆಳಗೆ ಹಸಿ ಬಣ್ಣದಲ್ಲಿ ಒಂದರೊಳಗೊಂದು ಕರಗುತ್ತವೆ. ಸಂಕೇತವನ್ನು ಬೇರೆಲ್ಲಿಂದಲೋ ತಂದು ಅಂಟಿಸಬೇಕಾಗಿಲ್ಲ. ನೀರಿಗೂ ದಟ್ಟ ಬಣ್ಣವನ್ನೇ ಬಳಿದರೆ ಚಿತ್ರವು ಅಂದವಾಗಿರಬಹುದು. ಆದರೆ ಆ ಎರಡು ಪ್ರತಿಬಿಂಬಗಳು ಕೂಡಲಾರವು.