ರಮ್ಲಾಗೆ ಹೋಗುವುದಾದರೆ ಗಾಳಿ ಕೇಳಿ ಹೋಗಿ

ಆಗಸ್ಟ್ 15ರ ಆಸುಪಾಸಿನಲ್ಲಿ ಗೋಜೊ ದ್ವೀಪಕ್ಕೆ ಹೋಗುವ ಯೋಚನೆಯಿದ್ದರೆ ಈಗಲೇ ಬಿಟ್ಟುಬಿಡಿ. ಅಂದು ಮಾಲ್ಟಾದಲ್ಲಿ ಸಾಂತಾ ಮರಿಯಾ ಹಬ್ಬ. ದೊಡ್ಡ ದ್ವೀಪದ ಜನ ಕಾರಿನ ತುಂಬ ಛತ್ರಿ, ಮಡಿಸುವ ಕುರ್ಚಿ, ಊಟದ ಡಬ್ಬಿ ಪೇರಿಸಿಕೊಂಡು ಗೋಜೊದತ್ತ ಹೊರಡುತ್ತಾರೆ. ಹಡಗುಕಟ್ಟೆಯಲ್ಲಿ ಕಾರುಗಳ ಸಾಲು ಮುಂದಕ್ಕೆ ಚಲಿಸುವುದೇ ಇಲ್ಲ. ‘ಮೆಡಿಟರೇನಿಯನ್ನಿನ ಪ್ರಶಾಂತ ತೀರ’ ಎಂದು ಪ್ರವಾಸದ ಪಟ್ಟಿಗಳೆಲ್ಲ ಹೊಗಳುವ ರಮ್ಲಾದಲ್ಲಿ ಒಂದು ಟವೆಲ್ ಹಾಸಲು ಜಾಗ ಹುಡುಕಬೇಕು. ಅದೇ ತೀರಕ್ಕೆ ಅಕ್ಟೋಬರ್ ಮೊದಲ ವಾರದ ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಎಂಟಕ್ಕೆ ಹೋದರೆ, ಈಜು ಮುಗಿಸಿ ತಲೆ ಒರೆಸಿಕೊಳ್ಳುತ್ತಿರುವ ನಾಲ್ಕಾರು ಜನ ಇದ್ದಾರು, ಅಷ್ಟೆ. ನೀರು ಆಗಲೂ ಬೆಚ್ಚಗೇ ಇರುತ್ತದೆ.

ಪಟ್ಟಿಗಳು ಊರಿನ ಹೆಸರು ಹೇಳುತ್ತವೆ, ಹೊತ್ತು ಹೇಳುವುದಿಲ್ಲ. ಗೋಜೊದಂಥ ಪುಟ್ಟ ದ್ವೀಪದಲ್ಲಿ ಪ್ರವಾಸದ ತಯಾರಿ ಎಂದರೆ ಮುಕ್ಕಾಲುಪಾಲು ತಿಂಗಳು, ವಾರ, ಗಾಳಿ ನೋಡುವ ಕೆಲಸವೇ. ಉಳಿದದ್ದು ವೀಸಾ.

ಮಾಲ್ಟಾ ದೇಶದ ಎರಡನೇ ದೊಡ್ಡ ದ್ವೀಪ ಗೋಜೊ. ವಿಸ್ತೀರ್ಣ 67 ಚದರ ಕಿಲೋಮೀಟರ್. ಅದರ ಉತ್ತರ ಅಂಚಿನಲ್ಲಿ, ಶಾರಾ ಮತ್ತು ನದೂರ್ ಎಂಬ ಎರಡು ಗುಡ್ಡದೂರುಗಳ ನಡುವಿನ ಕಣಿವೆ ಕಡಲು ಸೇರುವ ಕಡೆ ರಮ್ಲಾ ಇದೆ. ಮರಳಿಗೆ ಇಟ್ಟಿಗೆಪುಡಿ ಬೆರೆತಂಥ ಕೆಂಪುಬಂಗಾರದ ಬಣ್ಣ. ಉದ್ದ ಅರ್ಧ ಕಿಲೋಮೀಟರಿಗೂ ಕಡಿಮೆ. ಮರಳಿನ ನಡುವೆಯೇ ಮೇರಿಮಾತೆಯ ಬಿಳಿ ಪ್ರತಿಮೆ ನಿಂತಿದೆ. ಹಿಂದೆ ಮೆಟ್ಟಿಲು ಮೆಟ್ಟಿಲಾದ ಹೊಲಗಳು. ಕಡಲ ಉಪ್ಪುಗಾಳಿಗೆ ಬೆಳೆ ಸುಡದಿರಲಿ ಎಂದು ರೈತರು ಜೊಂಡಿನ ದಂಟು ಒತ್ತೊತ್ತಾಗಿ ನೆಟ್ಟು ಬೇಲಿ ಕಟ್ಟಿರುತ್ತಾರೆ. ಹೊಲಕ್ಕೂ ಕಡಲಿಗೂ ನಡುವೆ ಮರಳದಿಬ್ಬಗಳು. ಇಡೀ ಮಾಲ್ಟಾದಲ್ಲಿ ಇಷ್ಟು ಚೆನ್ನಾಗಿ ಉಳಿದುಕೊಂಡ ದಿಬ್ಬಗಳು ಬೇರೆಲ್ಲೂ ಇಲ್ಲ. ಬೇಸಿಗೆಯ ಕೊನೆಗೆ ಅವುಗಳ ಮೇಲೆ ಬಿಳಿಯ ಕಡಲಲಿಲ್ಲಿ ಅರಳುತ್ತದೆ. ದಿಬ್ಬ ಹತ್ತಿ ಫೋಟೊ ತೆಗೆಸಿಕೊಳ್ಳುವ ಆಸೆ ಬೇಡ; ಕಾಲ್ತುಳಿತಕ್ಕೆ ಗಿಡದ ಬೇರು ಸಡಿಲವಾದರೆ ಮರಳು ನಿಲ್ಲುವುದಿಲ್ಲ.

ಈ ತೀರ ಹೀಗೇ ಉಳಿದದ್ದು ತಾನಾಗಿ ಅಲ್ಲ. ಮೇಲಿನ ಇಳಿಜಾರಿನಲ್ಲಿ ವಿಲ್ಲಾಗಳ ಸಾಲು ಕಟ್ಟಲು 2007ರಲ್ಲಿ ಪರವಾನಗಿ ಸಿಕ್ಕಿಬಿಟ್ಟಿತ್ತು. ಜನ ಬೀದಿಗಿಳಿದರು, ಅರ್ಜಿಯಲ್ಲಿದ್ದ ಜಮೀನಿನ ವಿವರವೇ ಸರಿಯಿಲ್ಲ ಎಂಬುದು ಬಯಲಾಯಿತು, ಅದೇ ವರ್ಷ ಪರವಾನಗಿ ರದ್ದಾಯಿತು. ಇಂದು ಅಲ್ಲಿ ಕೂತು ಹಸಿರು ನೋಡುವವರು ಆ ಗಲಾಟೆ ಮಾಡಿದವರಿಗೆ ಋಣಿಗಳು.

ಈಗ ತಿಂಗಳ ವಿಷಯ. ಜುಲೈ, ಆಗಸ್ಟ್ ಬೇಡವೆಂದು ಹೇಳಿಯಾಯಿತು. ಬಿಸಿಲೂ ಸುಡುತ್ತದೆ, ಬಾಡಿಗೆಯೂ ಸುಡುತ್ತದೆ. ಮೇ ತಿಂಗಳಲ್ಲಿ ಗುಡ್ಡಗಳಲ್ಲಿ ಇನ್ನೂ ಹಸಿರಿನ ಕೊನೆ ಕಾಣುತ್ತದೆ, ನಡಿಗೆಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಆದರೆ ನೀರಿನ ಉಷ್ಣತೆ 19 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಮಲ್ಪೆ, ಗೋಕರ್ಣದ ಬೆಚ್ಚನೆಯ ನೀರಿಗೆ ಒಗ್ಗಿದ ಮೈಗೆ ಅದು ಹಲ್ಲು ಕಟಕಟಿಸುವ ಚಳಿ. ಕಡಲು ಕಾಯುವುದೂ ನಿಧಾನ, ಆರುವುದೂ ನಿಧಾನ: ಆಗಸ್ಟಿನಲ್ಲಿ 26–27 ಡಿಗ್ರಿಗೆ ಏರಿದ ನೀರು ಅಕ್ಟೋಬರಿನಲ್ಲೂ 23–24ರಲ್ಲೇ ಇರುತ್ತದೆ. ಹೀಗಾಗಿ ಸೆಪ್ಟೆಂಬರ್ ಎರಡನೇ ವಾರದಿಂದ ಅಕ್ಟೋಬರ್ ನಡುವಿನವರೆಗಿನ ಅವಧಿಗೆ ನನ್ನ ಮತ. ಮಳೆಗಾಲ ಅಲ್ಲಿ ಶುರುವಾಗುವುದೂ ಆಗಲೇ. ಒಂದೆರಡು ದಿನ ಗುಡುಗು ಮಳೆ ಹೊಡೆದರೆ ಬೇಸರಿಸಬಾರದು.

ಹೊಡೆತವೆಂದರೆ ಗುಡುಗಿನದೊಂದೇ ಅಲ್ಲ. ಮಾಲ್ಟಾದ ಊರಹಬ್ಬಗಳಲ್ಲಿ ಪಟಾಕಿ ಬೆಳಿಗ್ಗೆಯೇ ಶುರು. ನದೂರಿನ ಹಬ್ಬ ಜೂನ್ 29ಕ್ಕೆ, ಶಾರಾದ್ದು ಸೆಪ್ಟೆಂಬರ್ 8ಕ್ಕೆ. ಮುಂಚಿನ ವಾರವೆಲ್ಲ ಕಿವಿಗೆ ಬಿಡುವಿಲ್ಲ. ನಮ್ಮ ಜಾತ್ರೆಗಳ ಗದ್ದಲ ಇಷ್ಟಪಡುವವರಿಗೆ ಇದು ನೋಡಲೇಬೇಕಾದದ್ದು, ಶಾರಾದ ಬೀದಿಯಲ್ಲಿ ಕುದುರೆ ಓಟವೂ ಇರುತ್ತದೆ. ಆದರೆ ಮೌನ ಅರಸಿ ಹೋದವರು ತಾರೀಖು ನೋಡಿಕೊಳ್ಳಲಿ. ಇನ್ನೊಂದು ಸಂಗತಿಯನ್ನು ಯಾವ ಕೈಪಿಡಿಯೂ ದೊಡ್ಡದಾಗಿ ಬರೆಯುವುದಿಲ್ಲ. ಮಾಲ್ಟಾದಲ್ಲಿ ಹಕ್ಕಿ ಬೇಟೆ ಬಹಳ ಜನರ ಹವ್ಯಾಸ. ಸೆಪ್ಟೆಂಬರಿನಿಂದ ಅದರ ಶರತ್ಕಾಲದ ಋತು ಆರಂಭವಾಗುತ್ತದೆ. ನಸುಕಿನಲ್ಲಿ ಹೊಲದ ಕಡೆಯಿಂದ ಕೋವಿಯ ಸದ್ದು ಕೇಳಿಬಂದರೆ ಗಾಬರಿಯಾಗಬೇಕಿಲ್ಲ. ಕಾಲುದಾರಿ ಬಿಟ್ಟು ಹೊಲಕ್ಕೆ ನುಗ್ಗಬಾರದು, ಅಷ್ಟೆ.

ಎಲ್ಲಕ್ಕಿಂತ ಮುಖ್ಯ ಗಾಳಿ. ಗೋಜೊದ ಹಳಬರು ಬೆಳಿಗ್ಗೆ ಎದ್ದು ಮೊದಲು ನೋಡುವುದು ಗಾಳಿಯ ದಿಕ್ಕನ್ನು. ವಾಯವ್ಯದಿಂದ ಬೀಸುವುದು ಮಜ್ಜಿಸ್ತ್ರಾಲ್, ಈಶಾನ್ಯದ್ದು ಗ್ರಿಗಾಲ್, ಆಗ್ನೇಯದಿಂದ ಆಫ್ರಿಕಾದ ಧಗೆ ಹೊತ್ತು ತರುವುದು ಶ್ಲೋಕ್. ರಮ್ಲಾ ಉತ್ತರಕ್ಕೆ ಬಾಯಿ ತೆರೆದುಕೊಂಡ ಕೊಲ್ಲಿ. ಮಜ್ಜಿಸ್ತ್ರಾಲ್ ಅಥವಾ ಗ್ರಿಗಾಲ್ ಬೀಸಿದ ದಿನ ಅಲೆಗಳು ನೇರ ಒಳನುಗ್ಗುತ್ತವೆ, ಅಡಿಯ ಸೆಳೆತ ಕಾಲನ್ನೇ ಎಳೆಯುತ್ತದೆ. ನೋಡಲು ಚಂದದ ಈ ತೀರದಲ್ಲಿ ಜೀವ ಕಳೆದುಕೊಂಡವರಿದ್ದಾರೆ. ಬೇಸಿಗೆಯಲ್ಲಿ ಜೀವರಕ್ಷಕರು ಬಾವುಟ ಹಾರಿಸುತ್ತಾರೆ: ಕೆಂಪು ಕಂಡರೆ ನೀರಿಗಿಳಿಯಬಾರದು, ನೇರಳೆ ಕಂಡರೆ ಲೋಳೆಮೀನು ಬಂದಿದೆ ಎಂದರ್ಥ. ಅದು ಕುಟುಕಿದರೆ ಕಡಲ ನೀರಿನಲ್ಲೇ ತೊಳೆಯಬೇಕು, ಸಿಹಿನೀರು ಹಾಕಿದರೆ ಉರಿ ಹೆಚ್ಚುತ್ತದೆ.

ಇಲ್ಲೊಂದು ಇಕ್ಕಟ್ಟಿದೆ. ಜನ ಕಡಿಮೆಯಾದ ತಿಂಗಳುಗಳಲ್ಲಿ ಜೀವರಕ್ಷಕರೂ ಇರುವುದಿಲ್ಲ, ಬಾವುಟವೂ ಇರುವುದಿಲ್ಲ, ತಿಂಡಿ ಗೂಡಂಗಡಿಗಳೂ ಒಂದೊಂದಾಗಿ ಬಾಗಿಲೆಳೆಯುತ್ತವೆ, ಬಸ್ಸೂ ವಿರಳ. ಏಕಾಂತ ಬೇಕೆಂದವರು ಈ ಲೆಕ್ಕವನ್ನೂ ಒಪ್ಪಿಕೊಂಡೇ ಹೊರಡಬೇಕು. ಈಜು ಬಾರದವರಂತೂ ಮೊಣಕಾಲುದ್ದದ ನೀರಿಗೇ ತೃಪ್ತರಾಗುವುದು ಕ್ಷೇಮ. ಹಾಗೆ ನೋಡಿದರೆ ಈಜು ಬಾರದವರಿಗೆ ಗೋಜೊದಲ್ಲಿ ಸಿಗುವ ಕೆಲವೇ ಜಾಗಗಳಲ್ಲಿ ರಮ್ಲಾ ಒಂದು. ದ್ವೀಪದ ಬಹುಪಾಲು ಸ್ನಾನಸ್ಥಳಗಳು ಬರೀ ಬಂಡೆ. ಕಬ್ಬಿಣದ ಏಣಿ ಇಳಿದರೆ ಮೊದಲ ಹೆಜ್ಜೆಗೇ ಆಳೆತ್ತರದ ನೀರು. ರಮ್ಲಾದಲ್ಲಿ ಮರಳಿನ ನೆಲ ನಿಧಾನಕ್ಕೆ ಇಳಿಯುತ್ತದೆ.

ನಮ್ಮ ಕರಾವಳಿ ಕಂಡವರಿಗೆ ಇನ್ನೆರಡು ವ್ಯತ್ಯಾಸ ತಟ್ಟನೆ ಕಾಣುತ್ತದೆ. ಮಾಲ್ಟಾದ ಕಡಲಿಗೆ ಉಬ್ಬರವಿಳಿತ ಇಲ್ಲವೆನ್ನುವಷ್ಟು ಕಡಿಮೆ, ಹೆಚ್ಚೆಂದರೆ ಒಂದು ಗೇಣು. ಬೆಳಿಗ್ಗೆ ಚಪ್ಪಲಿ ಬಿಟ್ಟ ಜಾಗ ಸಂಜೆಯೂ ಒಣಗಿಯೇ ಇರುತ್ತದೆ. ಇನ್ನು ಸೂರ್ಯಾಸ್ತ. ಮಲ್ಪೆಯಲ್ಲಾಗಲಿ ಕಾರವಾರದಲ್ಲಾಗಲಿ ಸಂಜೆ ಸೂರ್ಯ ಕಡಲಿಗೇ ಇಳಿಯಬೇಕು, ಅದು ನಮ್ಮ ಹಕ್ಕು ಎಂಬಂತೆ ಕೂತು ಕಾಯುತ್ತೇವೆ. ರಮ್ಲಾದಲ್ಲಿ ಅವನು ಪಶ್ಚಿಮದ ಶಾರಾ ಗುಡ್ಡದ ಹಿಂದೆ ಸರಿದುಬಿಡುತ್ತಾನೆ. ಕಡಲಿನ ಸೂರ್ಯಾಸ್ತವೇ ಬೇಕಾದರೆ ಪಶ್ಚಿಮ ತುದಿಯ ದ್ವೇಯ್ರಾಕ್ಕೆ ಹೋಗಬೇಕು. ಅಲ್ಲಿದ್ದ ಹೆಸರಾಂತ ಕಲ್ಲಿನ ಕಮಾನು ‘ಅಜ್ಯೂರ್ ವಿಂಡೊ’ 2017ರ ಮಾರ್ಚ್ 8ರ ಬಿರುಗಾಳಿಗೆ ಕುಸಿದು ನೀರುಪಾಲಾಗಿದೆ. ಹಳೆಯ ಫೋಟೊ ನೋಡಿ ಹೋಗಿ ನಿರಾಶರಾಗಬೇಡಿ.

ವೀಸಾಗೆ ಬರೋಣ. ಮಾಲ್ಟಾ 2007ರ ಕೊನೆಯಲ್ಲಿ ಷೆಂಗೆನ್ ಸೇರಿತು, 2008ರಿಂದ ಯೂರೊ ಬಳಸುತ್ತಿದೆ. ಹಾಗಾಗಿ ನಮಗೆ ಬೇಕಾದದ್ದು ಷೆಂಗೆನ್ ವೀಸಾ: ದೊಡ್ಡವರಿಗೆ ಶುಲ್ಕ 90 ಯೂರೊ, ಕನಿಷ್ಠ 30,000 ಯೂರೊ ವೈದ್ಯಕೀಯ ಖರ್ಚು ಭರಿಸುವ ಪ್ರವಾಸ ವಿಮೆ, ಬ್ಯಾಂಕ್ ಲೆಕ್ಕಪತ್ರ, ಉಳಿಯುವ ಜಾಗದ ಬುಕಿಂಗ್. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕಡೆಯ ಗಡುವು 15 ದಿನ. ಗಡುವಿನವರೆಗೆ ಕಾಯುವವರ ಧೈರ್ಯಕ್ಕೆ ನಮಸ್ಕಾರ. ವೀಸಾ ಕೈಸೇರುವ ಮುನ್ನ ಹಣ ವಾಪಸ್ ಬಾರದ ವಿಮಾನ ಟಿಕೆಟ್ ಕೊಳ್ಳಲೇಬಾರದು. ಬೆಂಗಳೂರಿನಿಂದ ನೇರ ವಿಮಾನವಿಲ್ಲ. ದುಬೈ, ಇಸ್ತಾಂಬುಲ್ ಅಥವಾ ಯುರೋಪಿನ ಯಾವುದಾದರೂ ದೊಡ್ಡ ನಿಲ್ದಾಣದ ಮೂಲಕ ಹೋಗಬೇಕು.

ಗೋಜೊಗೆ ವಿಮಾನವಿಲ್ಲ, ಸೇತುವೆಯಿಲ್ಲ. ಪ್ರಶಾಂತತೆಗೆ ಅದೂ ಒಂದು ಕಾರಣ. ವಿಮಾನ ನಿಲ್ದಾಣದಿಂದ ಎಕ್ಸ್1 ಬಸ್ಸು ಚಿರ್ಕೆವ್ವಾ ಹಡಗುಕಟ್ಟೆಗೆ ಹೋಗುತ್ತದೆ, ಒಂದು ಗಂಟೆಯ ಮೇಲೆಯೇ ಹಿಡಿಯುತ್ತದೆ. ಅಲ್ಲಿಂದ ಕಾರು ಒಯ್ಯುವ ಹಡಗಿನಲ್ಲಿ 25 ನಿಮಿಷಕ್ಕೆ ಗೋಜೊದ ಇಮ್ಜಾರ್ ಬಂದರು. ಹೋಗುವಾಗ ಯಾರೂ ಟಿಕೆಟ್ ಕೇಳುವುದಿಲ್ಲ, ದುಡ್ಡು ಕೊಡುವುದು ಮರಳುವಾಗ. ರಾಜಧಾನಿ ವಲೆಟ್ಟಾದಿಂದ ವೇಗದ ದೋಣಿಯೂ ಇದೆ, ಮುಕ್ಕಾಲು ಗಂಟೆ. ಗಾಳಿ ಜೋರಾದರೆ ಮೊದಲು ನಿಲ್ಲುವುದು ಅದೇ. ವಾಪಸ್ ವಿಮಾನ ಹತ್ತುವ ಹಿಂದಿನ ರಾತ್ರಿಯನ್ನು ದೊಡ್ಡ ದ್ವೀಪದಲ್ಲೇ ಕಳೆಯುವುದು ಲೇಸು.

ಗೋಜೊದ ಬಹುತೇಕ ಬಸ್ಸುಗಳು ನಡುವಿನ ಊರು ವಿಕ್ಟೋರಿಯಾದಿಂದ ಹೊರಡುತ್ತವೆ. ರಮ್ಲಾಗೆ 302 ಹಿಡಿಯಬೇಕು. ಮಾಲ್ಟಾದ ಬಸ್ ಚಾಲಕರಲ್ಲಿ ಭಾರತೀಯರು ಈಗ ಕಡಿಮೆಯಿಲ್ಲ, ಕೊನೆಯ ಬಸ್ಸಿನ ಹೊತ್ತನ್ನು ಹಿಂದಿಯಲ್ಲೇ ಕೇಳುವ ಅವಕಾಶ ಸಿಕ್ಕರೂ ಸಿಗಬಹುದು. ಕಾರು ಬಾಡಿಗೆಗೆ ಪಡೆಯುವವರಿಗೂ ಒಂದು ಅನುಕೂಲ: 1964ರವರೆಗೆ ಬ್ರಿಟಿಷರ ಆಳ್ವಿಕೆಯಲ್ಲಿದ್ದ ದೇಶವಾದ್ದರಿಂದ ರಸ್ತೆಯ ಎಡಬದಿಯಲ್ಲೇ ಓಡಾಟ. ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡರಾಯಿತು. ತಂಗಲು ನದೂರ್ ಅಥವಾ ಶಾರಾದಲ್ಲಿ ಹಳೆಯ ಕಲ್ಲಿನ ತೋಟದ ಮನೆಗಳು ಬಾಡಿಗೆಗೆ ಸಿಗುತ್ತವೆ. ಎರಡೂ ಊರಿನಿಂದ ತೀರಕ್ಕೆ ಕಾಲುನಡಿಗೆಯ ದೂರ, ಮರಳುವಾಗ ಮಾತ್ರ ಏರು. ಶಾರಾದಲ್ಲಿ ಉಳಿದರೆ ಜಗಾಂತಿಯಾ ದೇಗುಲಗಳು ಪಕ್ಕದಲ್ಲೇ ಇವೆ, ಕ್ರಿ.ಪೂ. 3600ರ ಸುಮಾರಿನ ಆ ಗೋಡೆಗಳು ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಳೆಯವು.

ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ. ಪಸ್ತಿತ್ಸಿ ಎಂಬ ಪದರುಪದರಾದ ಕಡುಬಿನೊಳಗೆ ರಿಕೊಟ್ಟಾ ಗಿಣ್ಣನ್ನೋ ಬಟಾಣಿಯನ್ನೋ ತುಂಬಿರುತ್ತಾರೆ. ಹಿಟ್ಟಿಗೆ ಹಂದಿಕೊಬ್ಬು ಬಳಸುವ ಅಂಗಡಿಗಳೂ ಇವೆ, ಒಂದು ಮಾತು ಕೇಳಿಕೊಳ್ಳಿ. ಬದನೆ, ಟೊಮೆಟೊ, ದೊಣ್ಣೆಮೆಣಸಿನಕಾಯಿಯ ಕಪುನಾತಾ ನಮ್ಮ ಬದನೆಕಾಯಿ ಗೊಜ್ಜಿನ ದೂರದ ನೆಂಟ, ಖಾರ ಬಿಟ್ಟು. ಬ್ರೆಡ್ಡಿನ ಜೊತೆ ಗೋಜೊದ ಪುಟ್ಟ ಗಿಣ್ಣು ಜ್ಬೇನಾ ಇದ್ದರೆ ಮಧ್ಯಾಹ್ನದ ಊಟ ಮುಗಿಯಿತು.

ಕಡಲ ಪಕ್ಕದ ರಮ್ಲಾ ಕಣಿವೆ ಒಂದು ಕಾಲಕ್ಕೆ ಭಯದ ಜಾಗ. 1551ರಲ್ಲಿ ತುರ್ಗುತ್ ಮತ್ತು ಸಿನಾನ್ ಪಾಶಾ ನೇತೃತ್ವದ ಒಟ್ಟೋಮನ್ ಪಡೆ ಗೋಜೊದ ಬಹುತೇಕ ಎಲ್ಲರನ್ನೂ, ಸುಮಾರು 5,000 ಜನರನ್ನು, ಗುಲಾಮರಾಗಿ ಹೊತ್ತೊಯ್ದಿತು. ಮರಳಿನ ತೀರವೆಂದರೆ ಶತ್ರುವಿನ ದೋಣಿಗೆ ಸುಲಭದ ಇಳಿದಾಣ. ಅದಕ್ಕೇ 18ನೇ ಶತಮಾನದಲ್ಲಿ, ಆಗ ಮಾಲ್ಟಾ ಆಳುತ್ತಿದ್ದ ಸಂತ ಜಾನ್ ಪಂಥದ ನೈಟ್‌ಗಳು ರಮ್ಲಾದ ಎರಡೂ ಬದಿ ಫಿರಂಗಿ ಕಟ್ಟೆ ಕಟ್ಟಿಸಿದರು, ಕೊಲ್ಲಿಯ ಅಡ್ಡಕ್ಕೆ ನೀರೊಳಗೇ ಗೋಡೆ ಹಾಕಿಸಿದರು. ಬಂಡೆಯಲ್ಲೇ ಓರೆಯಾಗಿ ಬಾವಿಯಂಥ ಕುಳಿ ಕೊರೆದು, ತಳಕ್ಕೆ ಮದ್ದು, ಮೇಲೆ ಕಲ್ಲುಗುಂಡು ತುಂಬಿ, ಬರುವ ದೋಣಿಗಳ ಮೇಲೆ ಸಿಡಿಸುವ ಏರ್ಪಾಡೂ ಇತ್ತು. ಇಷ್ಟೆಲ್ಲ ಮಾಡಿದರೂ 1798ರಲ್ಲಿ ನೆಪೋಲಿಯನ್ನನ ಸೈನಿಕರು ಬಂದಾಗ ರಮ್ಲಾ ಪಕ್ಕದ ಕಡಿದಾದ ಗುಡ್ಡವನ್ನು ಹತ್ತಿ ಒಳಹೊಕ್ಕರು. ಮರಳಿನಡಿಯಲ್ಲಿ ಇನ್ನೂ ಹಳೆಯದು, ಒಂದು ರೋಮನ್ ಬಂಗಲೆಯ ಅವಶೇಷವಿದೆ. 20ನೇ ಶತಮಾನದ ಆರಂಭದಲ್ಲಿ ತೆಮಿ ಜಮ್ಮಿತ್ ಎಂಬ ವಿದ್ವಾಂಸರು ಅದನ್ನು ಅಗೆದು ನೋಡಿದ್ದರು.

ಶಾರಾ ಬದಿಯ ಗುಡ್ಡದ ಮೇಲಿರುವುದು ಕಲಿಪ್ಸೊ ಗುಹೆ. ಹೋಮರನ ಕಥೆಯಲ್ಲಿ ಒಡಿಸಿಯಸ್‌ನನ್ನು ಏಳು ವರ್ಷ ಹಿಡಿದಿಟ್ಟುಕೊಂಡ ಅಪ್ಸರೆಯ ಬೀಡು ಇದೇ ಎಂದು ಗೋಜೊದವರು ಹೇಳುತ್ತಾರೆ. ಕ್ರೀಟ್ ಬಳಿಯ ಗಾವ್ದೊಸ್‌ನವರೂ ತಮ್ಮದೇ ಎನ್ನುತ್ತಾರೆ, ಜಗಳ ಬಗೆಹರಿಯುವಂಥದ್ದಲ್ಲ. ಬಂಡೆಯ ಕೆಳಗಿನ ಜೇಡಿಪದರ ಜಾರುತ್ತಿರುವುದರಿಂದ ಗುಹೆಯೊಳಗೆ ಹೋಗಲು ಬಿಡದೆ ವರ್ಷಗಳೇ ಆಗಿವೆ. ಅಲ್ಲಿನ ಕಟ್ಟೆಯಿಂದ ಕಾಣುವ ಇಡೀ ಕೊಲ್ಲಿಯ ನೋಟಕ್ಕಾಗಿಯಾದರೂ ಹತ್ತಬೇಕು. ಅಲೆಯ ಬಿಳಿ ಗೆರೆಗಳು ಎಷ್ಟಿವೆ ಎಂದು ಎಣಿಸಿ, ಇಳಿಯುವುದೋ ಬೇಡವೋ ತೀರ್ಮಾನಿಸಲೂ ಅದೇ ಒಳ್ಳೆಯ ಜಾಗ.

ಬೇಡವೆನಿಸಿದ ದಿನ ಊರಿನವರು ಮಾಡುವಂತೆ ದ್ವೀಪದ ಇನ್ನೊಂದು ಮಗ್ಗುಲಿಗೆ ಹೋಗಿ. ಉತ್ತರ ಕುದಿಯುತ್ತಿರುವಾಗ ಆಗ್ನೇಯದ ಹೊಂಡೊ ಇರ್ ರುಮ್ಮೀನ್ ಕೊಲ್ಲಿ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಆದರೆ ಅಲ್ಲಿ ನೀರು ಬೇಗ ಆಳವಾಗುತ್ತದೆ. ಗಾಳಿ ನಿಂತಿದ್ದೂ ರಮ್ಲಾದಲ್ಲಿ ಜನ ಹೆಚ್ಚೆನಿಸಿದರೆ ಪೂರ್ವದ ಮುಂದಿನ ಕೊಲ್ಲಿ ಸ್ಯಾನ್ ಬ್ಲಾಸ್ ಇದೆ. ಅದೇ ಕೆಂಪು ಮರಳು, ಅಳತೆ ಚಿಕ್ಕದು. ನದೂರಿನಿಂದ ಇಳಿಯುವ ದಾರಿ ಎಷ್ಟು ಕಡಿದೆಂದರೆ ಅರ್ಧ ಜನ ಮೇಲಿಂದಲೇ ನೋಡಿ ಹಿಂದಿರುಗುತ್ತಾರೆ. ಬೇಸಿಗೆಯಲ್ಲಿ ಜೀಪಿನವರು ಕೆಲವು ಯೂರೊಗೆ ಮೇಲಕ್ಕೆ ಬಿಟ್ಟುಬರುತ್ತಾರೆ. ಇಳಿಯುವಾಗ ನಡೆದೇ ಇಳಿಯಿರಿ, ಹತ್ತುವಾಗ ಜಂಬ ಬಿಟ್ಟು ಜೀಪು ಹತ್ತಿ.